ಬಿ.ಪಿ. ನೋಡುವ ಸಿಸ್ಟರ್ ಇನ್ನೇನು ಮಾಡಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ರಕ್ತದೊತ್ತಡದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಈ ಅಂಕಣದಲ್ಲಿ ಕೇಳಿದ್ದೆವು. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರದಿಂದ ಮುಳ್ಳೇರಿಯಾದವರೆಗಿನ ಪತ್ರಗಳಲ್ಲಿ ಡಾಕ್ಟರರಿಗಿಂತ ಸಿಸ್ಟರ್‌ಗಳ ಮಾತೇ ಹೆಚ್ಚು. ಅದರಲ್ಲಿ ಆಶ್ಚರ್ಯವಿಲ್ಲ. ಡಾಕ್ಟರರ ಎದುರು ಕೂರುವುದು ಎರಡು ಮೂರು ನಿಮಿಷ. ಅದಕ್ಕೆ ಮೊದಲು ಪಟ್ಟಿ ಕಟ್ಟಿ ನೋಡುವವರು, ಆಮೇಲೆ ಮಾತ್ರೆ ಹೇಗೆ ನುಂಗುವುದೆಂದು ಹೇಳುವವರು, ಮುಂದಿನ ತಿಂಗಳು ಬಾರದಿದ್ದರೆ ಫೋನ್ ಮಾಡುವವರು ಸಿಸ್ಟರ್‌ಗಳೇ. ಉತ್ತರಗಳನ್ನು ಸಾರ್ವಜನಿಕ ಆರೋಗ್ಯ ಶುಶ್ರೂಷೆ ಬಲ್ಲವರು ಬರೆದಿದ್ದಾರೆ.

ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ನೋಡುವಾಗ 158/96. ಮನೆಗೆ ಬಂದು ಮಗ ತಂದ ಮಿಷನಿನಲ್ಲಿ ನೋಡಿದರೆ 134/82. ಯಾವುದನ್ನು ನಂಬುವುದು? ನನಗೆ ಬಿ.ಪಿ. ಉಂಟೋ ಇಲ್ಲವೋ?
— ಗೃಹಿಣಿ, ಬದಿಯಡ್ಕ

ಒಂದೊಂದೇ ಸಲ ನೋಡಿದ ಈ ಎರಡು ಅಂಕಿಗಳಿಂದ ಹೇಳಲಾಗದು. ಎರಡೂ ನಿಜವಿರಬಹುದು, ಎರಡೂ ತಪ್ಪಿರಬಹುದು.

ಮೊದಲು ಆರೋಗ್ಯ ಕೇಂದ್ರದ ಅಂಕಿ. ಬಸ್ಸಿಳಿದು ಏರು ಹತ್ತಿ ಬಂದವರನ್ನು ಕೂಡಲೇ ಕೂರಿಸಿ ನೋಡಿದರೆ ಮೇಲಿನ ಅಂಕಿ ಸುಲಭವಾಗಿ ಏರುತ್ತದೆ. ಮೂತ್ರ ಕಟ್ಟಿಕೊಂಡು ಕೂತರೆ 10ರಷ್ಟು, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚು ಏರಿಕೆ. ನೋಡುವಾಗ ಮಾತಾಡಿದರೆ ಹೆಚ್ಚು ಕಡಿಮೆ ಅಷ್ಟೇ. ಕಾಲ ಮೇಲೆ ಕಾಲು ಹಾಕಿದರೂ, ಸ್ಟೂಲಿನಲ್ಲಿ ಬೆನ್ನಿಗೆ ಆಸರೆಯಿಲ್ಲದೆ ಕೂತರೂ ಅಂಕಿ ಏರುತ್ತದೆ. ತೋಳು ಮೇಜಿನ ಮೇಲಿರದೆ ಜೋತು ಬಿದ್ದಿದ್ದರೆ ಇನ್ನೂ ಹೆಚ್ಚು. ರವಿಕೆಯ ಬಿಗಿ ತೋಳನ್ನು ಮೇಲೆ ಸುರುಟಿದರೆ ಅದೇ ಇನ್ನೊಂದು ಪಟ್ಟಿಯಂತೆ ರಕ್ತನಾಳವನ್ನು ಒತ್ತುತ್ತದೆ. ದಪ್ಪ ಬಟ್ಟೆಯ ಮೇಲೆ ಪಟ್ಟಿ ಕಟ್ಟಿದರಂತೂ ಆ ಅಂಕಿಗೆ ಬೆಲೆಯೇ ಇಲ್ಲ. ಚಹಾ, ಕಾಫಿ, ಬೀಡಿ, ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ, ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಅರ್ಧ ಗಂಟೆ ಕಾಯಬೇಕು.

ಇನ್ನು ಪಟ್ಟಿಯ ಅಳತೆ. ಇದನ್ನು ಕೇಳುವವರೇ ಕಡಿಮೆ. ಒಳಗಿನ ರಬ್ಬರು ಚೀಲದ ಉದ್ದ ನಿಮ್ಮ ತೋಳಿನ ಸುತ್ತಳತೆಯ ಶೇಕಡಾ 80ರಷ್ಟಾದರೂ ಇರಬೇಕು. ಸಾಮಾನ್ಯ ಪಟ್ಟಿ 27ರಿಂದ 34 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. 35 ದಾಟಿದವರಿಗೆ ದೊಡ್ಡ ಪಟ್ಟಿ ಬೇಕು, ಇಲ್ಲದಿದ್ದರೆ ಇಲ್ಲದ ಬಿ.ಪಿ. ಕಾಣುತ್ತದೆ. ಸಪೂರ ತೋಳಿನ ಅಜ್ಜಿಗೆ ದೊಡ್ಡ ಪಟ್ಟಿ ಕಟ್ಟಿದರೆ ಇರುವ ಬಿ.ಪಿ. ಅಡಗುತ್ತದೆ. ಹೊಲಿಗೆ ಟೇಪಿನಲ್ಲಿ ಭುಜಕ್ಕೂ ಮೊಣಕೈಗೂ ನಡುವೆ ಅಳೆದು, ಮಿಷನಿನ ಪಟ್ಟಿಯಲ್ಲಿ ಅಚ್ಚಾದ ಅಳತೆಗೆ ಹೋಲಿಸಿ ನೋಡಿ. ಮಣಿಕಟ್ಟಿಗೆ ಕಟ್ಟುವ ಮಿಷನ್ ಆಗಿದ್ದರೆ ಅದನ್ನು ಬದಿಗಿಟ್ಟು, ತೋಳಿಗೆ ಕಟ್ಟುವುದನ್ನು ತನ್ನಿ.

ಮನೆಯಲ್ಲಿ ಹೀಗೆ ನೋಡಿ. ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮೊದಲು ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಪಾದ ನೆಲದ ಮೇಲಿರಲಿ. ತೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಲಿ. ಪಟ್ಟಿಯ ಕೆಳಗಿನ ಅಂಚು ಮೊಣಕೈ ಗೆರೆಯಿಂದ ಎರಡು ಬೆರಳು ಮೇಲಿರಬೇಕು. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಸಂಜೆಯೂ ಹಾಗೆಯೇ. ಏಳು ದಿನ ಬರೆದು, ಮೊದಲ ದಿನದ್ದನ್ನು ಬಿಟ್ಟು ಉಳಿದುದರ ಸರಾಸರಿ ತೆಗೆಯಿರಿ. ಆರೋಗ್ಯ ಕೇಂದ್ರದಲ್ಲಿ ಗೆರೆ 140/90, ಮನೆಯ ಸರಾಸರಿಗೆ 135/85. ನಿಮ್ಮ 134/82 ಒಂದೇ ಸಲದ ಅಂಕಿ, ಅದೂ ಗೆರೆಯ ಅಂಚಿನಲ್ಲೇ ಇದೆ. ಹಾಗಾಗಿ ಈ ಏಳು ದಿನದ ಕೆಲಸವನ್ನು ತಪ್ಪಿಸಬೇಡಿ.

ಚೀಟಿಯನ್ನೂ ಮಿಷನನ್ನೂ ಸಿಸ್ಟರ್ ಬಳಿ ಕೊಂಡುಹೋಗಿ, ಅವರ ಮಿಷನಿನ ಪಕ್ಕದಲ್ಲಿಟ್ಟು ಒಮ್ಮೆ ಹೋಲಿಸಲು ಹೇಳಿ. ಎರಡೂ ತೋಳುಗಳಲ್ಲಿ ನೋಡಲಿ. ಹೆಚ್ಚು ಬರುವ ತೋಳಿನಲ್ಲೇ ಮುಂದೆ ಯಾವಾಗಲೂ ನೋಡಬೇಕು. ಕೇಂದ್ರದಲ್ಲಿ ಮಾತ್ರ ಏರುವವರೂ ಇದ್ದಾರೆ. ಮಾತ್ರೆ ಬೇಕೋ ಬೇಡವೋ ಡಾಕ್ಟರರು ಹೇಳುತ್ತಾರೆ, ಆದರೆ ಅಂಥವರಲ್ಲಿ ಅನೇಕರಿಗೆ ಮುಂದೆ ನಿಜವಾದ ಬಿ.ಪಿ. ಬರುವುದರಿಂದ ವರ್ಷಕ್ಕೊಮ್ಮೆಯಾದರೂ ಹೀಗೆ ನೋಡಿಸಬೇಕು.

ಸಬ್‌ಸೆಂಟರಿಗೆ ಹೊಸತಾಗಿ ಸೇರಿದ ನರ್ಸ್ ನಾನು. ಬಿ.ಪಿ., ಶುಗರ್‌ನಂಥ ಅಂಟದ ಕಾಯಿಲೆಗಳ ಎನ್‌ಸಿಡಿ ಕ್ಲಿನಿಕಿನ ದಿನ ಒಂಬತ್ತೂವರೆಗೇ ಅರುವತ್ತು ಎಪ್ಪತ್ತು ಮಂದಿ ಸೇರುತ್ತಾರೆ. ಐದು ನಿಮಿಷದ ವಿಶ್ರಾಂತಿ ಎಲ್ಲಿಂದ ಕೊಡುವುದು? ನೋಡುವುದು, ಬರೆಯುವುದು, ಮಾತ್ರೆ ಕೊಡುವುದು, ಇಷ್ಟರಲ್ಲೇ ದಿನ ಮುಗಿಯುತ್ತದೆ. ಬಿ.ಪಿ. ಬಾರದಂತೆ ತಡೆಯುವ ಕೆಲಸ ಯಾವಾಗ ಮಾಡಲಿ?
— ಎಣ್ಮಕಜೆ ಕಡೆಯಿಂದ

ಕಾಯುವ ಸಮಯವನ್ನೇ ವಿಶ್ರಾಂತಿಯಾಗಿಸಿ. ಜನ ಎದ್ದೆದ್ದು ನಿಮ್ಮ ಮೇಜಿಗೆ ಬರುವ ಬದಲು ನೀವೇ ಜನರ ಬಳಿಗೆ ಹೋಗಿ. ಬೆನ್ನಿರುವ ಐದು ಕುರ್ಚಿಗಳನ್ನು ಸಾಲಾಗಿಟ್ಟು, ಪ್ರತಿಯೊಂದರ ಪಕ್ಕ ಕೈಯಿಡಲು ಸ್ಟೂಲೋ ಮೇಜೋ ಇರಲಿ. ಸ್ಟೂಲು ತಗ್ಗಾಗಿದ್ದರೆ ಹಳೆ ರಿಜಿಸ್ಟರುಗಳನ್ನು ಪೇರಿಸಿ ಎದೆಯ ಮಟ್ಟಕ್ಕೆ ತನ್ನಿ. ಟೋಕನ್ ಕೊಡುವ ಆಶಾ ಕಾರ್ಯಕರ್ತೆ "ಮೂತ್ರಕ್ಕೆ ಹೋಗಿ ಬಂದು ಕೂತುಕೊಳ್ಳಿ, ಮಾತಾಡಬೇಡಿ" ಎಂದು ಕೂರಿಸಲಿ. ನೀವು ಮಿಷನ್ ಹಿಡಿದು ಒಂದು ತುದಿಯಿಂದ ಹೊರಡಿ. ಒಬ್ಬರಿಗೆ ಒಂದು ನಿಮಿಷ ಹಿಡಿದರೂ ಐದನೆಯವರದ್ದು ಮುಗಿಸಿ ಮರಳುವಾಗ ಮೊದಲ ಕುರ್ಚಿಗೆ ಬಂದ ಮುಂದಿನವರಿಗೆ ನಾಲ್ಕೈದು ನಿಮಿಷ ಆಗಿರುತ್ತದೆ. ಹೊಸಬರಿಗೂ, ಮೊದಲ ಸಲ 140/90 ಅಥವಾ ಹೆಚ್ಚು ಬಂದವರಿಗೂ ಎರಡನೇ ಸಲ ಖಂಡಿತ ನೋಡಿ. ಅವರನ್ನು ಎಬ್ಬಿಸಬೇಡಿ, ಮುಂದಿನ ಸುತ್ತಿನಲ್ಲಿ ಅಲ್ಲೇ ನೋಡಿ.

ಕೈಯಿಂದ ಒತ್ತುವ ಡಯಲ್ ಮಿಷನ್ ಬಳಸುವುದಾದರೆ ಮಣಿಕಟ್ಟಿನ ನಾಡಿ ಹಿಡಿದುಕೊಂಡು ಗಾಳಿ ತುಂಬಿಸಿ. ನಾಡಿ ನಿಂತ ಅಂಕಿಯಿಂದ 30 ಮೇಲೆ ಹೋಗಿ, ಸೆಕೆಂಡಿಗೆ 2ರಂತೆ ಇಳಿಸಿ. ನಾಡಿ ಹಿಡಿಯದೆ ಸುಮ್ಮನೆ 160ರವರೆಗೆ ತುಂಬಿಸುವವರಿದ್ದಾರೆ. ಕೆಲವರಲ್ಲಿ ಸದ್ದು ನಡುವೆ ಮಾಯವಾಗಿ ಮತ್ತೆ ಕೇಳುತ್ತದೆ. 190 ಇರುವವರನ್ನು 150 ಎಂದು ಬರೆದು ಮನೆಗೆ ಕಳಿಸುವುದು ಹೀಗೆಯೇ. ಗಾಳಿ ಪೂರ್ತಿ ಬಿಟ್ಟಾಗ ಮುಳ್ಳು ಸೊನ್ನೆಗೆ ಬಾರದಿದ್ದರೆ ಆ ಮಿಷನನ್ನು ಬಳಸಬೇಡಿ. ಡಯಲ್ ಮಿಷನನ್ನು ಆರು ತಿಂಗಳಿಗೊಮ್ಮೆ ಸರಿನೋಡಿಸಬೇಕು. ಡಿಜಿಟಲ್ ಮಿಷನ್ ಮತ್ತೆ ಮತ್ತೆ ಎರರ್ ತೋರಿಸಿದರೆ ಬ್ಯಾಟರಿ, ಪಟ್ಟಿಯ ಸೋರಿಕೆ, ರೋಗಿಯ ನಾಡಿ, ಈ ಮೂರನ್ನೂ ನೋಡಿ. ನಾಡಿ ಲಯ ತಪ್ಪಿ ಬಡಿಯುತ್ತಿದ್ದರೆ ಡಿಜಿಟಲ್ ಅಂಕಿಯನ್ನು ನಂಬದೆ ಕೈಯಿಂದಲೇ ಎರಡು ಮೂರು ಸಲ ನೋಡಿ, ಡಾಕ್ಟರರಿಗೂ ತಿಳಿಸಿ. ಆ ಲಯತಪ್ಪೇ ಪಾರ್ಶ್ವವಾಯುವಿಗೆ ಇನ್ನೊಂದು ಕಾರಣ.

ಒಮ್ಮೆ ನಿಮ್ಮ ರಿಜಿಸ್ಟರನ್ನೇ ಪರೀಕ್ಷೆ ಮಾಡಿ. ಡಯಲಿನ ಗೆರೆಗಳು ಎರಡೆರಡಾಗಿರುತ್ತವೆ. ಆದ್ದರಿಂದ 0, 2, 4, 6, 8 ಇವುಗಳಲ್ಲಿ ಮುಗಿಯುವ ಅಂಕಿಗಳು ಹೆಚ್ಚು ಕಡಿಮೆ ಸಮನಾಗಿ ಇರಬೇಕು. ಅರ್ಧಕ್ಕಿಂತ ಹೆಚ್ಚು ಸೊನ್ನೆಯಲ್ಲಿ ಮುಗಿದಿದ್ದರೆ ಕಣ್ಣು ಅಂಕಿಯನ್ನು ಹತ್ತಿರದ ಹತ್ತಕ್ಕೆ ದುಂಡು ಮಾಡುತ್ತಿದೆ ಎಂದರ್ಥ. 138/88 ಎಂಬುದು ಪುಟ ತುಂಬ ಇದ್ದರೆ ಕೆಲಸ ಹೆಚ್ಚಾಗದಿರಲೆಂದು ಕೈ ತಾನಾಗಿ ಬರೆದಿದೆ!

ಇನ್ನು ತಡೆಯುವ ಮಾತು. ನಮ್ಮ ಅಭಿಪ್ರಾಯದಲ್ಲಿ ನಿಮ್ಮ ಕೈಗೆ ಮಾತ್ರ ಸಿಗುವ ಗುಂಪೊಂದಿದೆ: ಮೇಲಿನದ್ದು 130ರಿಂದ 139 ಅಥವಾ ಕೆಳಗಿನದ್ದು 85ರಿಂದ 89 ಇರುವವರು. ಅವರಲ್ಲಿ ಹೆಚ್ಚಿನವರಿಗೆ ಮಾತ್ರೆಯಿಲ್ಲ, ಹಾಗಾಗಿ ಯಾರೂ ಮತ್ತೆ ಬರಹೇಳುವುದಿಲ್ಲ. ಕೆಲವು ವರ್ಷಗಳಲ್ಲಿ ಮಾತ್ರೆಯ ಸಾಲಿಗೆ ಬರುವವರು ಇವರೇ. ರಿಜಿಸ್ಟರಿನ ಹಿಂದಿನ ಪುಟದಲ್ಲಿ ಇವರ ಹೆಸರು, ಫೋನ್, ತೂಕ, ಸೊಂಟದ ಸುತ್ತಳತೆ ಬರೆದು, ಆರು ತಿಂಗಳಿಗೊಮ್ಮೆ ಕರೆಯಿರಿ. ಒಂದು ಭೇಟಿಗೆ ಒಂದೇ ಬದಲಾವಣೆ ಹೇಳಿ. ಉಪ್ಪು, ನಡಿಗೆ, ತೂಕ, ಬೀಡಿ, ಕುಡಿತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರೆ ಕೇಳಿದವರು ಗೇಟು ದಾಟುವುದರೊಳಗೆ ಎಲ್ಲವನ್ನೂ ಬಿಟ್ಟಿರುತ್ತಾರೆ. ಹೇಳಿದ ಮೇಲೆ "ಈಗ ಮನೆಗೆ ಹೋಗಿ ಏನು ಮಾಡ್ತೀರಿ ಅಕ್ಕ?" ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿ.

ರೋಗಿಯ ಜೊತೆ ಬಂದವರ ತೋಳಿಗೂ ಪಟ್ಟಿ ಕಟ್ಟಿ. ಅಮ್ಮನಿಗೆ ಬಿ.ಪಿ. ಇದ್ದರೆ ಕರೆದುಕೊಂಡು ಬಂದ ಮಗನಿಗೂ ಬರುವ ಸಾಧ್ಯತೆ ಹೆಚ್ಚು, ಅವನು ತಾನಾಗಿ ಒ.ಪಿ. ಚೀಟಿ ಮಾಡಿಸುವವನಲ್ಲ. 30 ದಾಟಿದ ಗಂಡಸರು ಹಗಲಿನ ಕ್ಲಿನಿಕಿಗೆ ಬರುವುದೇ ಇಲ್ಲ, ಕೂಲಿ ಬಿಟ್ಟು ಯಾರು ಬರುತ್ತಾರೆ? ತಿಂಗಳಿಗೊಂದು ಬೆಳಿಗ್ಗೆ ಹಾಲಿನ ಸೊಸೈಟಿಯ ಜಗಲಿ, ಒಂದು ಸಂಜೆ ವಾಚನಾಲಯ ಅಥವಾ ಕ್ಲಬ್ಬಿನ ಕಟ್ಟಡ, ಹೀಗೆ ಇಟ್ಟುಕೊಂಡರೆ ಅವರು ಸಿಗುತ್ತಾರೆ.

ತಿಂಗಳ ಕೊನೆಗೆ ಮಾತ್ರೆ ಒಯ್ಯಲು ಬಾರದವರ ಪಟ್ಟಿ ಮಾಡಿ. ಹೆಸರಿನ ಎದುರು "ಬರಲಿಲ್ಲ" ಎಂದು ಬರೆದು ಬಿಡದೆ ಕಾರಣ ಕೇಳಿ ಬರೆಯಿರಿ: ಬಸ್ಸಿಲ್ಲ, ಕರೆತರುವವರಿಲ್ಲ, ಕಾಲು ಊದಿತು, ನಾಟಿಮದ್ದಿಗೆ ಹೋದರು, "ನಾರ್ಮಲ್ ಆಯಿತಲ್ಲ". ಒಂದೊಂದಕ್ಕೂ ಬೇರೆ ಬೇರೆ ಪರಿಹಾರ ಬೇಕು. ಕಾಲು ಊದಿದ್ದು ಅಮ್ಲೊಡಿಪಿನ್ ಎಂಬ ಬಿ.ಪಿ. ಮಾತ್ರೆಯಿಂದ ಇರಬಹುದು, ಡಾಕ್ಟರರು ಪ್ರಮಾಣ ಇಳಿಸಬಹುದು ಅಥವಾ ಮದ್ದು ಬದಲಿಸಬಹುದು. ಎನಲಪ್ರಿಲ್ ತಿನ್ನುವವರಿಗೆ ಒಣಕೆಮ್ಮು ಬಂದರೂ ಹಾಗೆಯೇ. ಇದನ್ನು ಮೊದಲೇ ಹೇಳಿಟ್ಟರೆ ಜನ ಮಾತ್ರೆ ಬಿಡದೆ ನಿಮ್ಮ ಬಳಿ ಬರುತ್ತಾರೆ. ಹೊಸದಾಗಿ ರೋಗ ನಿರ್ಧರಿಸುವುದು, ಮಾತ್ರೆ ಆರಂಭಿಸುವುದು, ಬದಲಿಸುವುದು ಡಾಕ್ಟರರ ಕೆಲಸ. ಅವರು ಬರೆದುಕೊಟ್ಟದ್ದನ್ನು ತಿಂಗಳು ತಿಂಗಳು ಕೊಟ್ಟು, ಅಂಕಿ ಗೆರೆ ದಾಟಿದರೆ ಹಿಂದಕ್ಕೆ ಕಳಿಸುವುದು ನಿಮ್ಮದು.

ನಮ್ಮಲ್ಲಿ ಹೋಟೆಲ್ ಊಟವಿಲ್ಲ, ಬೇಕರಿ ತಿಂಡಿಯಿಲ್ಲ. ಕುಚ್ಚಿಲಕ್ಕಿ ಗಂಜಿ, ಉಪ್ಪಿನಕಾಯಿ, ಮಳೆಗಾಲದಲ್ಲಿ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ. ಆದರೂ ಸಿಸ್ಟರ್ "ಉಪ್ಪು ಕಡಿಮೆ ಮಾಡಿ" ಎಂದೇ ಹೇಳುವುದು. ಇನ್ನೆಲ್ಲಿ ಕಡಿಮೆ ಮಾಡುವುದು? ಇಂದುಪ್ಪು ಬಳಸಿದರೆ ಆದೀತೇ?
— ಅಡಿಕೆ ಕೃಷಿಕರು, ಪೆರ್ಲ

"ಉಪ್ಪು ಕಡಿಮೆ ಮಾಡಿ" ಎಂಬುದು ಸಲಹೆಯೇ ಅಲ್ಲ, ಎಷ್ಟೆಂದು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸಣ್ಣ ಚಮಚದಲ್ಲಿ ಸಮತಟ್ಟಾಗಿ ಒಂದಕ್ಕಿಂತ ತುಸು ಕಡಿಮೆ. ಅದರಲ್ಲಿ ಅಡುಗೆಯದ್ದು, ಉಪ್ಪಿನಕಾಯಿಯದ್ದು, ಹಪ್ಪಳದ್ದು ಎಲ್ಲವೂ ಸೇರಿತು.

ಚಮಚದಲ್ಲಿ ಅಳೆದು ಅಡುಗೆ ಮಾಡುವವರು ಯಾರೂ ಇಲ್ಲ. ಅದಕ್ಕೆ ಪ್ಯಾಕೆಟಿನ ಲೆಕ್ಕ ಹಿಡಿಯಿರಿ. ನಾಲ್ವರ ಮನೆಗೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನಾಂಕವನ್ನು ಪ್ಯಾಕೆಟಿನ ಮೇಲೆ ಪೆನ್ನಿನಲ್ಲಿ ಬರೆದಿಡಿ. 25 ದಿನಕ್ಕೆ ಮುಗಿದರೆ ಒಬ್ಬೊಬ್ಬರಿಗೆ 10 ಗ್ರಾಂ ಹೋಗುತ್ತಿದೆ. ಮೀನು ತೊಳೆಯಲು, ದನಗಳಿಗೆ ಹಾಕಲು ಅದೇ ಉಪ್ಪನ್ನು ತೆಗೆಯುವವರು ಅದಕ್ಕೆ ಬೇರೆ ಡಬ್ಬ ಇಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮಿಡಿ ಹಾಕಲು, ಸೊಳೆ ಹಾಕಲು ವರ್ಷಕ್ಕೊಮ್ಮೆ ತರುವ ಕಲ್ಲುಪ್ಪು ಈ ಲೆಕ್ಕದ ಹೊರಗೆ ಉಳಿಯುತ್ತದೆ, ಅದನ್ನೂ ಸೇರಿಸಬೇಕು. ಮನೆಯೂಟದವರು ಮೋಸ ಹೋಗುವುದು ಇಲ್ಲಿಯೇ.

ಗಂಜಿಗೆ ಉಪ್ಪು ಹಾಕಿ ಕಲಸಿ, ಮೇಲೆ ಉಪ್ಪಿನಕಾಯಿ ನೆಂಚಿಕೊಂಡರೆ ಎರಡು ಪಾಲಾಯಿತು. ಗಂಜಿಗೆ ಉಪ್ಪೇ ಬೇಡ. ಉಪ್ಪಿನಕಾಯಿಯ ರಸ ಬಡಿಸದೆ ಹೋಳನ್ನು ಮಾತ್ರ ತೆಗೆಯಿರಿ. ಉಪ್ಪುಸೊಳೆಯನ್ನು ಹೇಗೂ ನೀರಲ್ಲಿ ಹಾಕಿಯೇ ಬೇಯಿಸುತ್ತೀರಿ. ನೀರನ್ನು ಮೂರು ಸಲ ಬದಲಿಸಿ, ಹಿಂಡಿ, ಒಗ್ಗರಣೆಗೆ ಬೇರೆ ಉಪ್ಪು ಹಾಕಬೇಡಿ. ಒಳಗೆ ಉಳಿದದ್ದೇ ಸಾಕು. ಒಣಮೀನು ತಿನ್ನುವ ಮನೆಗಳಲ್ಲೂ ಅದೇ ಕ್ರಮ. ಬಾಳಕ ಮೆಣಸು, ಹಪ್ಪಳ, ಸಂಡಿಗೆ ಇವುಗಳಲ್ಲಿ ಊಟಕ್ಕೆ ಒಂದನ್ನು ಆರಿಸಿಕೊಳ್ಳಿ. ತಂಬುಳಿ, ನೀರುಗೊಜ್ಜುಗಳಲ್ಲಿ ಹುಳಿಯಿರುವುದರಿಂದ ಉಪ್ಪು ಅರ್ಧವಾದರೂ ನಾಲಗೆ ಬೇಗ ಒಪ್ಪುತ್ತದೆ. ಒಮ್ಮೆಲೇ ಕಡಿದರೆ ಮನೆಯಲ್ಲಿ ಜಗಳವಾಗುತ್ತದೆ. ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿದರೆ ಕೆಲವು ವಾರಗಳಲ್ಲಿ ರುಚಿ ಹೊಂದಿಕೊಳ್ಳುತ್ತದೆ.

ಇಂದುಪ್ಪು ಅಥವಾ ಸೈಂಧವ ಕೂಡ ಹೆಚ್ಚಿನಂಶ ಸೋಡಿಯಂ ಕ್ಲೋರೈಡೇ. ಬಿ.ಪಿ.ಗೆ ಅದು ಬೇರೆ, ಇದು ಬೇರೆ ಎಂಬುದಿಲ್ಲ. ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಸೇರಿಸಿದ ಉಪ್ಪು ಅಂಗಡಿಗಳಲ್ಲಿದೆ. ಅದರಿಂದ ಬಿ.ಪಿ. ಇಳಿಯುತ್ತದೆ, 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಯಸ್ಕರಿಗೆ ಅದನ್ನು ಶಿಫಾರಸು ಮಾಡಿದೆ. ಆದರೆ ಮೂತ್ರಪಿಂಡದ ತೊಂದರೆಯಿದ್ದವರಿಗೆ ಮತ್ತು ಗರ್ಭಿಣಿಯರಿಗೆ ಈ ಶಿಫಾರಸು ಅನ್ವಯಿಸದು. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳನ್ನು ತಿನ್ನುವವರು ಡಾಕ್ಟರರನ್ನು ಕೇಳದೆ ತರಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಕೆಡುತ್ತದೆ.

ನನಗೆ ತಲೆನೋವಿಲ್ಲ, ತಲೆ ತಿರುಗುವುದಿಲ್ಲ. ಬೆಳ್ಳುಳ್ಳಿ ತಿನ್ನುತ್ತೇನೆ. ಆದರೂ ಮಾತ್ರೆ ಬೇಕೇ?
— ಕುಂಬಳೆ

ಹೆಚ್ಚಿನವರಿಗೆ ಬಿ.ಪಿ. ಯಾವ ಸೂಚನೆಯನ್ನೂ ಕೊಡುವುದಿಲ್ಲ. ತಲೆನೋವು ಬಂದಾಗ ಮಾತ್ರ ಮಾತ್ರೆ ನುಂಗುವುದು ಇದಕ್ಕೆ ನಡೆಯದು. ಬೆಳ್ಳುಳ್ಳಿಯನ್ನು ಅಡುಗೆಯಲ್ಲಿ ತಿನ್ನಿ, ಮಾತ್ರೆಯ ಬದಲಿಗೆ ಬೇಡ.

ಅಪ್ಪನಿಗೆ 71. ಮಂಗಳೂರಿನ ಡಾಕ್ಟರರ ಮದ್ದು ಉಂಟು. ಖರ್ಚು ಹೆಚ್ಚಾಯಿತೆಂದು ಇಲ್ಲಿನ ಕುಟುಂಬ ಆರೋಗ್ಯ ಕೇಂದ್ರದಲ್ಲೂ ಚೀಟಿ ಮಾಡಿಸಿದರು. ಈಗ ಬೆಳಿಗ್ಗೆ ಏಳುವಾಗ ಕಣ್ಣು ಕತ್ತಲೆ ಬರುತ್ತದೆ, ಒಮ್ಮೆ ಬಚ್ಚಲಲ್ಲಿ ಬಿದ್ದರು. ಲೇಬಲ್ಲು ಮಲಯಾಳದಲ್ಲಿ, ಅಪ್ಪನಿಗೆ ಓದಲು ಬರುವುದಿಲ್ಲ.
— ಮಂಜೇಶ್ವರ

ಗಡಿಯ ಊರುಗಳಲ್ಲಿ ಇದು ಸಾಮಾನ್ಯ, ಅಪಾಯವೂ ಹೌದು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಅರ್ಧ ಮುಗಿದ ಸ್ಟ್ರಿಪ್ಪುಗಳನ್ನೂ ಆಯುರ್ವೇದದ ಬಾಟಲಿಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ತುಂಬಿ ನಾಳೆಯೇ ಕೇಂದ್ರದ ಸಿಸ್ಟರ್ ಮೇಜಿನ ಮೇಲೆ ಸುರಿಯಿರಿ. ಅವರು ಕಂಪೆನಿ ಕೊಟ್ಟ ಹೆಸರು ಬಿಟ್ಟು ಕೆಳಗೆ ಸಣ್ಣಕ್ಷರದಲ್ಲಿರುವ ಮದ್ದಿನ ಹೆಸರನ್ನು ಓದಬೇಕು. ಮಂಗಳೂರಿನ ಒಂದೇ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ 40 ಮತ್ತು ಅಮ್ಲೊಡಿಪಿನ್ 5 ಎರಡೂ ಇದ್ದು, ಇಲ್ಲಿಂದ ಕೊಟ್ಟದ್ದು ಮತ್ತೊಂದು ಅಮ್ಲೊಡಿಪಿನ್ 5 ಆಗಿದ್ದರೆ ಅಪ್ಪ ಇಮ್ಮಡಿ ನುಂಗುತ್ತಿದ್ದಾರೆ. ಬಣ್ಣ, ಗಾತ್ರ ಬೇರೆಯಾದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಟೆಲ್ಮಿಸಾರ್ಟನ್ ಜೊತೆ ಎನಲಪ್ರಿಲ್ ಬಿದ್ದಿದ್ದರೆ ಮೂತ್ರಪಿಂಡಕ್ಕೂ ಕೆಟ್ಟದು.

ಕೂತಾಗ ಬಿ.ಪಿ. ನೋಡಿದ ಮೇಲೆ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಲು ಹೇಳಿ. ಮೇಲಿನದ್ದು 20 ಅಥವಾ ಕೆಳಗಿನದ್ದು 10 ಇಳಿದರೆ ಬಿದ್ದುದಕ್ಕೆ ಕಾರಣ ಸಿಕ್ಕಂತೆ. ಡಾಕ್ಟರರು ಅದೇ ದಿನ ಮಾತ್ರೆ ಸರಿಪಡಿಸಬೇಕು. ನೀವಾಗಿ ಎಲ್ಲವನ್ನೂ ನಿಲ್ಲಿಸಬೇಡಿ. ಬೇಸಗೆಯಲ್ಲಿ ಬೆವರಿ ನೀರು ಕಡಿಮೆಯಾದಾಗ, ಕ್ಲೋರ್ಥಾಲಿಡೋನ್‌ನಂಥ ಮೂತ್ರ ಹೋಗಿಸುವ ಮಾತ್ರೆ ತಿನ್ನುವವರಿಗೆ ಈ ತೊಂದರೆ ಹೆಚ್ಚು. ಆ ಮಾತ್ರೆಯನ್ನು ಬೆಳಿಗ್ಗೆಯೇ ತಿನ್ನಬೇಕು, ರಾತ್ರಿ ತಿಂದರೆ ಕತ್ತಲಲ್ಲಿ ಎದ್ದು ಓಡಬೇಕಾಗುತ್ತದೆ.

ಇನ್ನು ಮುಂದೆ ಒಂದೇ ಚೀಟಿ ಇರಲಿ. ಎಲ್ಲಿ ತೋರಿಸಿದರೂ ಒಂದೇ ಪುಸ್ತಕದಲ್ಲಿ ಬರೆಸಿ. ಭಾಷೆಯ ವಿಷಯಕ್ಕೆ ಬಂದರೆ, ಕೇಂದ್ರಕ್ಕೆ ಬರುವ ಸಿಸ್ಟರ್ ತೆಂಕಣ ಜಿಲ್ಲೆಯವರಾಗಿದ್ದರೆ ಕನ್ನಡ, ತುಳು ತಿಳಿಯದಿರುವುದು ಸಹಜ. ಅಪ್ಪ ಎಲ್ಲದಕ್ಕೂ ತಲೆಯಾಡಿಸಿ ಬಂದಿರುತ್ತಾರೆ. ಲಕೋಟೆಯ ಮೇಲೆ ಸೂರ್ಯ, ಚಂದ್ರ ಬಿಡಿಸಿ, ಎಷ್ಟು ಮಾತ್ರೆಯೋ ಅಷ್ಟು ಚುಕ್ಕೆ ಇಡಿಸಿಕೊಳ್ಳಿ. ವಾರ್ಡಿನ ಆಶಾ ಕಾರ್ಯಕರ್ತೆಗೆ ಮೂರೂ ಭಾಷೆ ಬಂದರೆ ಅವರು ಜೊತೆಯಲ್ಲಿರುವ ದಿನವೇ ಹೋಗಿ. ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಅದೇ ದಿನ ನೆನಪಾದಾಗ ನುಂಗಬಹುದು, ಮರುದಿನ ಎರಡು ನುಂಗಬಾರದು ಎಂಬುದನ್ನೂ ಆಗಲೇ ಹೇಳಿಸಿ.

ಮೂರು ಬಗೆಯ ಮಾತ್ರೆ ತಿಂದರೂ 160ರಿಂದ ಕೆಳಗೆ ಬರುವುದಿಲ್ಲ. ನಾಲ್ಕನೆಯದು ಬೇಕಾದೀತು ಎನ್ನುತ್ತಾರೆ.
— ಮುಳ್ಳೇರಿಯಾ

ನಾಲ್ಕನೆಯದಕ್ಕೆ ಮೊದಲು ಸಿಸ್ಟರ್ ಜೊತೆ ಹತ್ತು ನಿಮಿಷ ಕೂತು ಮಾತಾಡಿ. ತಿಂಗಳಿಗೆ ಕೊಟ್ಟ 30ರಲ್ಲಿ ಎಷ್ಟು ಉಳಿದಿವೆ? ಮೊಣಗಂಟಿನ ನೋವಿಗೆ ಮೆಡಿಕಲಿನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ತಿನ್ನುತ್ತಿದ್ದೀರಾ? ಅವು ಉಪ್ಪನ್ನೂ ನೀರನ್ನೂ ದೇಹದಲ್ಲಿ ಹಿಡಿದಿಟ್ಟು ಬಿ.ಪಿ. ಏರಿಸುತ್ತವೆ, ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಶೀತದ ಮಾತ್ರೆ, ಸ್ಟಿರಾಯ್ಡ್ ಕೂಡ ಹೀಗೆಯೇ. ಕೆಮ್ಮಿಗೆಂದು ಜ್ಯೇಷ್ಠಮಧುವನ್ನು ವಾರಗಟ್ಟಲೆ ಕಷಾಯ ಮಾಡಿ ಕುಡಿದರೂ ಏರುತ್ತದೆ. ಸಂಜೆಯ ಕುಡಿತವನ್ನು ಮುಚ್ಚಿಡಬೇಡಿ. ರಾತ್ರಿ ಜೋರು ಗೊರಕೆ, ನಡುನಡುವೆ ಉಸಿರು ನಿಂತಂತಾಗುವುದು ಇದೆಯೇ ಎಂದು ಹೆಂಡತಿಯನ್ನು ಕೇಳಬೇಕು, ನಿಮಗೆ ಅದು ಗೊತ್ತಾಗುವುದಿಲ್ಲ. ಇವೆಲ್ಲ ಇಲ್ಲವೆಂದಾದರೆ ಡಾಕ್ಟರರು ಮೂತ್ರಪಿಂಡ, ಹಾರ್ಮೋನುಗಳ ಪರೀಕ್ಷೆಯ ಕಡೆ ನೋಡುತ್ತಾರೆ.

ಸೊಸೆಗೆ ಏಳು ತಿಂಗಳು. ಮೊದಲು 104/66 ಇದ್ದದ್ದು ಈಗ 136/86. "140 ಆಗಲಿಲ್ಲವಲ್ಲ" ಎಂದರೆ ಸಿಸ್ಟರ್ ಒಪ್ಪುವುದಿಲ್ಲ. ಮೂರು ದಿನ ಬಿಟ್ಟು ಮತ್ತೆ ಬರಹೇಳಿದ್ದಾರೆ. ಮುಂದಿನ ವಾರ ಸೀಮಂತ ಮುಗಿಸಿ ವಿಟ್ಲಕ್ಕೆ ತವರಿಗೆ ಹೋಗುವವಳು.
— ಪೈವಳಿಕೆ

ಸಿಸ್ಟರ್ ಮಾಡಿದ್ದು ಸರಿ. ಇಪ್ಪತ್ತು ವಾರ ಕಳೆದ ಮೇಲೆ ನಾಲ್ಕು ಗಂಟೆ ಅಂತರದಲ್ಲಿ ಎರಡು ಸಲ 140/90 ಬಂದರೆ ಅದು ಗರ್ಭಿಣಿಯ ಬಿ.ಪಿ. ಎಂದು ಲೆಕ್ಕ. ಸೊಸೆಯದ್ದು ಅಲ್ಲಿಗೆ ಮುಟ್ಟಿಲ್ಲ, ಆದರೆ 30ರಷ್ಟು ಏರಿದ್ದು ಕಾದು ನೋಡಬೇಕಾದ ಸೂಚನೆ. ಪ್ರತಿ ಸಲ ಬಿ.ಪಿ. ಜೊತೆ ಮೂತ್ರದಲ್ಲಿ ಪ್ರೋಟೀನ್ ನೋಡಿಸಿ. ಬಿಡದ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಕೈ ಊದುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದಿದ್ದರೂ ಮುಂದಿನ ತಾರೀಕಿಗೆ ಕಾಯಬಾರದು. 160/110 ಆದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ.

ತವರಿಗೆ ಹೋಗುವುದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಗಡಿ ದಾಟಿದರೆ ಇಲ್ಲಿನ ದಾಖಲೆ ಅಲ್ಲಿಯವರಿಗೆ ಕಾಣುವುದಿಲ್ಲ. ತಾಯಿ ಕಾರ್ಡನ್ನು ಕೈಯಲ್ಲೇ ಕೊಟ್ಟು ಕಳಿಸಿ. ಹೊರಡುವ ಮೊದಲಿನ ಕೊನೆಯ ಮೂರು ಅಂಕಿಗಳನ್ನು ಸಿಸ್ಟರ್ ಅದರಲ್ಲಿ ಬರೆದು, ಅಲ್ಲಿನ ಆರೋಗ್ಯ ಸಹಾಯಕಿಗೆ ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ಹೋದ ವಾರದೊಳಗೆ ಅಲ್ಲಿ ಒಮ್ಮೆ ನೋಡಿಸಬೇಕು. ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ 500 ಮಿಲಿಗ್ರಾಂನ ಎರಡು, ಕಬ್ಬಿಣದ ಮಾತ್ರೆಯ ಜೊತೆಗಲ್ಲ, ಬೇರೆ ಹೊತ್ತಿಗೆ. ಊಟದಲ್ಲಿ ಉಪ್ಪನ್ನು ಪೂರ್ತಿ ಬಿಡಿಸುವ ಹಳೆ ಪದ್ಧತಿಯಿಂದ ಈ ಬಿ.ಪಿ. ಇಳಿಯದು. ಮನೆಯಲ್ಲಿ ಬೇರೆಯವರಿಗೆ ಕೊಟ್ಟ ಬಿ.ಪಿ. ಮಾತ್ರೆಯನ್ನು ಕೊಡಲೇಬೇಡಿ. ಟೆಲ್ಮಿಸಾರ್ಟನ್, ಎನಲಪ್ರಿಲ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಹೆರಿಗೆಯಾದ ಮೊದಲ ವಾರದಲ್ಲೂ ಏರುವುದುಂಟು, ಆದ್ದರಿಂದ ಬಾಣಂತಿಯನ್ನು ನೋಡಲು ಬರುವ ಸಿಸ್ಟರ್ ಮಗುವಿನ ತೂಕದ ಜೊತೆಗೆ ತಾಯಿಯ ತೋಳಿಗೂ ಪಟ್ಟಿ ಕಟ್ಟಬೇಕು. ಒಮ್ಮೆ ಹೀಗಾದವರಿಗೆ ಮುಂದೆ ಬಿ.ಪಿ. ಬರುವ ಸಾಧ್ಯತೆ ಹೆಚ್ಚು, ವರ್ಷಕ್ಕೊಮ್ಮೆ ನೋಡಿಸುತ್ತಿರಲಿ.

ರಾತ್ರಿ ಅಜ್ಜನ ಬಿ.ಪಿ. 200/110. ನೆರೆಯವರೊಬ್ಬರು ಕ್ಯಾಪ್ಸೂಲಿಗೆ ತೂತು ಮಾಡಿ ನಾಲಗೆಯಡಿ ಹಾಕಿ ಎಂದರು. ಹಾಕಬಹುದೇ?
— ಬೆಳ್ಳೂರು

ಬೇಡ. ನಿಫೆಡಿಪಿನ್ ಕ್ಯಾಪ್ಸೂಲನ್ನು ಹಾಗೆ ಕೊಡುವ ರೂಢಿ ಹಿಂದೆ ಇತ್ತು. ಬಿ.ಪಿ. ತಟ್ಟನೆ ಕುಸಿದು ಪಾರ್ಶ್ವವಾಯು, ಹೃದಯಾಘಾತ ಆದದ್ದರಿಂದ ಅದನ್ನು ಬಿಟ್ಟುಬಿಟ್ಟರು. ಅಜ್ಜನನ್ನು ಕೂರಿಸಿ, ಐದು ನಿಮಿಷ ಬಿಟ್ಟು ಸರಿಯಾಗಿ ಮತ್ತೆ ನೋಡಿ. ಮೇಲಿನದ್ದು 180 ಅಥವಾ ಕೆಳಗಿನದ್ದು 120 ದಾಟಿದ್ದು, ಜೊತೆಗೆ ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಕೈಕಾಲು ಒಂದು ಬದಿ ಸೋಲುವುದು, ಮಾತು ತೊದಲುವುದು, ಕಣ್ಣು ಕಾಣದಿರುವುದು, ಗೊಂದಲ, ಇವುಗಳಲ್ಲಿ ಯಾವುದಾದರೂ ಇದ್ದರೆ 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ, ನುಂಗಲಾಗದೆ ಶ್ವಾಸಕ್ಕೆ ಹೋಗಬಹುದು. ಸೂಚನೆ ಶುರುವಾದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಮದ್ದು ಕೊಡಲು ಸಿಗುವುದು ನಾಲ್ಕೂವರೆ ಗಂಟೆಯ ಅವಧಿ, ಅದರಲ್ಲಿ ನಮ್ಮ ರಸ್ತೆಗಳ ಪಾಲೂ ಸೇರಿದೆ. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಈ ಯಾವ ಸೂಚನೆಯೂ ಇಲ್ಲದೆ ಅಂಕಿ ಮಾತ್ರ ಹೆಚ್ಚಿದ್ದರೆ ಆ ದಿನದ ಮಾತ್ರೆ ತಪ್ಪಿದೆಯೇ ನೋಡಿ, ತಪ್ಪಿದ್ದರೆ ಕೊಡಿ, ಬೆಳಿಗ್ಗೆ ಮೊದಲ ಕೆಲಸವಾಗಿ ಡಾಕ್ಟರರಿಗೆ ತೋರಿಸಿ.

ದಿನವಿಡೀ ತೋಟದಲ್ಲಿರುವವನಿಗೂ ವಾಕಿಂಗ್ ಬೇಕೇ? ಮಳೆಗಾಲದಲ್ಲಿ ಎಲ್ಲಿ ನಡೆಯುವುದು?
— ಬಂದಡ್ಕ

ತೋಟದಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ ಹೋಯಿತು. ಅಗೆಯುವುದು, ಸೊಪ್ಪು ಹೊರುವುದು, ಗುಡ್ಡೆ ಹತ್ತಿಳಿಯುವುದು ಲೆಕ್ಕಕ್ಕೆ ಸಿಗುತ್ತದೆ. ಸ್ಪ್ರಿಂಕ್ಲರಿನ ಗೇಟ್‌ವಾಲ್ವ್ ತಿರುಗಿಸಿ ಆಳುಗಳನ್ನು ನೋಡುತ್ತ ನಿಲ್ಲುವುದು ಸಿಗುವುದಿಲ್ಲ. ಮಾತಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ಉಸಿರು ಏರಬೇಕು, ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಹತ್ತು ಹತ್ತು ನಿಮಿಷವಾಗಿ ಮೂರು ಸಲವಾದರೂ ಸರಿ. ಮಳೆ ಹೊಯ್ಯುವಾಗ ಜಗಲಿಯಲ್ಲಿ, ಅಡಿಕೆ ಒಣಗಿಸುವ ಸೋಲಾರ್ ಮನೆ ಖಾಲಿಯಿದ್ದರೆ ಅದರೊಳಗೆ ನಡೆಯಿರಿ. ಹಾವಸೆ ಹಿಡಿದ ಅಂಗಳಕ್ಕೆ ಮಾತ್ರ ಇಳಿಯಬೇಡಿ.